ವಿಧಾನಸಭೆಯ ರಚನೆ ಮತ್ತು ಮೂರು ಕ್ಷೇತ್ರಗಳು: ಲಿಂಗಸುಗೂರು, ಸಿಂಧನೂರು, ಮಸ್ಕಿ

ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಪಟ್ಟಿಯಲ್ಲಿ 57, 58 ಮತ್ತು 59ನೆಯ ಅಂಕಗಳನ್ನು ಕ್ರಮವಾಗಿ ಹೊತ್ತಿರುವ ಲಿಂಗಸುಗೂರು, ಸಿಂಧನೂರು, ಮಸ್ಕಿಗಳು ರಾಯಚೂರು ಜಿಲ್ಲೆಯಲ್ಲಿ ಒಂದರ ಮಗ್ಗುಲಿಗೊಂದು ಇದ್ದರೂ, ಅವುಗಳಲ್ಲಿ ಮೊದಲನೆಯದು ಪರಿಶಿಷ್ಟ ಜಾತಿಗೂ ಮೂರನೆಯದು ಪರಿಶಿಷ್ಟ ಪಂಗಡಕ್ಕೂ ಮೀಸಲಾಗಿದ್ದು, ನಡುವಣ ಸಿಂಧನೂರು ಮಾತ್ರ ಸಾಮಾನ್ಯ ಕ್ಷೇತ್ರವಾಗಿದೆ. ಶಾಸನಸಭೆಯೆಂಬುದು ಮತದಾರನ ಇಚ್ಛೆಯಿಂದಲೇ ಆಗತಕ್ಕದ್ದೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಆದರೆ ಈ ಮೂರು ಕ್ಷೇತ್ರಗಳ ಚರಿತ್ರೆಯನ್ನು ಪರಿಶೀಲಿಸಿದವನಿಗೆ, ಮತದಾರನು ಮತಗಟ್ಟೆಗೆ ಬರುವ ಮುನ್ನವೇ ನಕ್ಷೆಯನ್ನು ಬರೆಯುವವನು ಸಭೆಯ ಅರ್ಧರೂಪವನ್ನು ನಿರ್ಣಯಿಸಿರುತ್ತಾನೆಂಬುದೂ, ಮತದಾರನು ಮನೆಗೆ ಮರಳಿದ ಮೇಲೆ ಉಳಿದದ್ದರಲ್ಲಿ ಬಹುಪಾಲು ಸಭಾಧ್ಯಕ್ಷರ ಪೀಠದ ವಶಕ್ಕೆ ಹೋಗುತ್ತದೆಂಬುದೂ ತೋರದೆ ಇರದು.

ಹಳೆಯ ಮೈಸೂರಿನ ಪ್ರಜೆಗಳು 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನೂ, 1907ರಲ್ಲಿ ನ್ಯಾಯವಿಧಾಯಕ ಸಭೆಯನ್ನೂ ಕಂಡಿದ್ದರು. ತುಂಗಭದ್ರಾ ಮತ್ತು ಕೃಷ್ಣೆಯರ ನಡುವಣ ಈ ದೋಆಬ ಪ್ರದೇಶಕ್ಕಾದರೋ ಅಂತಹ ಯೋಗವಿರಲಿಲ್ಲ. 1853ರ ಒಪ್ಪಂದದಂತೆ ಬ್ರಿಟಿಷರ ಕೈಸೇರಿ, 1860ರಲ್ಲಿ ಮರಳಿ ನಿಜಾಮರ ಪಾಲಾದ ಈ ಸೀಮೆಯಲ್ಲಿ ಲಿಂಗಸುಗೂರು ಕೆಲಕಾಲ ಸ್ವತಃ ಒಂದು ಜಿಲ್ಲೆಯ ಕೇಂದ್ರವಾಗಿದ್ದು, 1905ರಲ್ಲಿ ಆ ಜಿಲ್ಲೆಯು ವಿಸರ್ಜಿತವಾದ ಮೇಲೆ ತಾಲ್ಲೂಕಿನ ಮಟ್ಟಕ್ಕಿಳಿಯಿತು. ಹೈದರಾಬಾದಿನಲ್ಲಿ 1893ರಲ್ಲಿ ಏರ್ಪಟ್ಟ ಶಾಸನಸಭೆಯಲ್ಲಿ ಅಧಿಕಾರಿಗಳದೇ ಪ್ರಾಬಲ್ಯ. ಹೊರಗಿನಿಂದ ಬಂದ ಕೆಲವೇ ಸದಸ್ಯರು ಜಹಗೀರ್ದಾರರು, ವಕೀಲರು ಮೊದಲಾದ ವರ್ಗಗಳವರು. 1939ರಲ್ಲಿ ಪ್ರಕಟವಾದ ಸುಧಾರಣೆಗಳು ಕೂಡ ವೃತ್ತಿ ಹಾಗೂ ಹಿತಾಸಕ್ತಿಗಳ ಪ್ರಾತಿನಿಧ್ಯವನ್ನು ಕುರಿತವೇ ಹೊರತು ಊರುಗಳ ಪ್ರಾತಿನಿಧ್ಯವನ್ನು ಕುರಿತವಲ್ಲ. ಸಿಂಧನೂರಿನ ರೈತನು ರೈತನೆಂಬ ಕಾರಣದಿಂದಲೇ ಹೊರತು ಸಿಂಧನೂರಿನವನೆಂಬ ಕಾರಣದಿಂದ ಆ ಸಭೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪ್ರಾದೇಶಿಕ ಕ್ಷೇತ್ರವೆಂಬುದು ನಮಗೆ ಇಂದು ಸೂರ್ಯೋದಯದಷ್ಟು ಸಹಜವಾಗಿ ತೋರುವುದರಿಂದ ಈ ಭೇದವನ್ನು ಮರೆಯುವುದು ಸುಲಭ.

1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಕೊನೆಗೊಂಡು, ಸಾರ್ವತ್ರಿಕ ಮತದಾನದ ಹಕ್ಕಿನ ಮೇಲೆ ನಡೆದ ಮೊದಲ ಚುನಾವಣೆಯಿಂದ 1952ರಲ್ಲಿ ರಚಿತವಾದ ಹೈದರಾಬಾದ್ ವಿಧಾನಸಭೆಯು 175 ಸದಸ್ಯರನ್ನು ಹೊಂದಿದ್ದಿತು. ಬೂರ್ಗುಲ ರಾಮಕೃಷ್ಣರಾಯರು ಮುಖ್ಯಮಂತ್ರಿಗಳಾಗಿದ್ದ ಆ ಸಭೆಯಲ್ಲಿ ತೆಲುಗು, ಮರಾಠಿ, ಕನ್ನಡ ಸೀಮೆಗಳ ಪ್ರತಿನಿಧಿಗಳು ಒಟ್ಟಿಗೆ ಕುಳಿತಿದ್ದು, ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳಿಂದ ಬಂದ ಕನ್ನಡ ಸದಸ್ಯರು ಅಲ್ಪಸಂಖ್ಯಾತರಾಗಿದ್ದರು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹೊಸ ಚುನಾವಣೆಗಾಗಿ ಕಾಯದೆ, ಬಂದು ಸೇರಿದ ಪ್ರದೇಶಗಳ ಶಾಸಕರು ಶಾಸನಬಲದಿಂದಲೇ ಮೈಸೂರು ವಿಧಾನಸಭೆಯ ಸದಸ್ಯರಾದರು. ಹೈದರಾಬಾದಿನ ಸಭಾಭವನದಲ್ಲಿ ಪ್ರಶ್ನೆ ಕೇಳುತ್ತಿದ್ದವರು ಹೀಗೆ, ಒಬ್ಬ ಮತದಾರನನ್ನೂ ಮತ್ತೆ ಕೇಳಿಕೊಳ್ಳದೆ, ಬೆಂಗಳೂರಿನ ವಿಧಾನಸೌಧವನ್ನು ಪ್ರವೇಶಿಸಿದರು. 1952ರಲ್ಲಿ 99 ಸ್ಥಾನಗಳಿದ್ದ ಮೈಸೂರು ವಿಧಾನಸಭೆಯು 1957ರ ಚುನಾವಣೆಗೆ 208 ಸ್ಥಾನಗಳದಾಯಿತು. 1967ರಲ್ಲಿ 216ಕ್ಕೂ, ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ ತರುವಾಯ 1978ರಲ್ಲಿ 224ಕ್ಕೂ ಏರಿತು. ಅಂದಿನಿಂದ ಇಂದಿನವರೆಗೆ ಆ ಸಂಖ್ಯೆ ಚಲಿಸಿಲ್ಲ. ಆಂಗ್ಲೋ ಇಂಡಿಯನ್ ಸಮುದಾಯದಿಂದ ನಾಮಕರಣಗೊಳ್ಳುತ್ತಿದ್ದ ಒಬ್ಬ ಸದಸ್ಯರ ಸ್ಥಾನವು 2020ರ ಜನವರಿಯಲ್ಲಿ ಜಾರಿಗೆ ಬಂದ 104ನೆಯ ತಿದ್ದುಪಡಿಯಿಂದ ಇಲ್ಲವಾಯಿತು.

ಸಂಖ್ಯೆ ಸ್ಥಿರವಾಗಿ ನಿಂತಿತೆಂದ ಮಾತ್ರಕ್ಕೆ ಗಡಿಗಳೂ ನಿಂತವೆಂದು ತಿಳಿಯಬಾರದು. 1976ರ 42ನೆಯ ತಿದ್ದುಪಡಿ, ತರುವಾಯ 2001ರ 84ನೆಯ ತಿದ್ದುಪಡಿ, ಇವೆರಡೂ ಸ್ಥಾನಗಳ ಒಟ್ಟು ಸಂಖ್ಯೆಯನ್ನು ಬಂಧಿಸಿದವು. ಆದರೆ 2003ರ 87ನೆಯ ತಿದ್ದುಪಡಿಯಂತೆ 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳ ಒಳಗಡಿಗಳನ್ನು ಮತ್ತೆ ಎಳೆಯಲು ಅವಕಾಶವಾಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗವು ಹೊರಡಿಸಿದ ಆಜ್ಞೆಯು 2008ರ ಚುನಾವಣೆಗೆ ಮೊದಲು ಜಾರಿಗೆ ಬಂದಿತು. ಮಸ್ಕಿ ಎಂಬ ಕ್ಷೇತ್ರವು ಜನ್ಮತಾಳಿದ್ದು ಆಗಲೇ.

ದೇವಾನಾಂಪ್ರಿಯನು ಅಶೋಕನೆಂಬುದನ್ನು ಹೆಸರುಹೇಳಿ ತಿಳಿಸಿದ ಶಿಲಾಶಾಸನವು 1915ರಲ್ಲಿ ಪತ್ತೆಯಾದದ್ದರಿಂದ ಇತಿಹಾಸಜ್ಞರಿಗೆ ಚಿರಪರಿಚಿತವಾದ ಮಸ್ಕಿಯು ಆಡಳಿತದ ದೃಷ್ಟಿಯಲ್ಲಿ ಆಗ ಲಿಂಗಸುಗೂರು ತಾಲ್ಲೂಕಿನ ಒಂದು ಊರು ಮಾತ್ರ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ಕೂಡಿಸಿ ಕ್ಷೇತ್ರವನ್ನು ಮಾಡಲಾಯಿತು. ಸಾಧಾರಣವಾಗಿ ತಾಲ್ಲೂಕು ಮೊದಲು, ಕ್ಷೇತ್ರ ಅನಂತರ. ಮಸ್ಕಿಯಲ್ಲಿಯಾದರೋ ಕ್ಷೇತ್ರವಾದ ಸುಮಾರು ಒಂದು ದಶಕದ ಮೇಲೆ ತಾಲ್ಲೂಕು ಬಂದಿತು. ತಹಶೀಲ್ದಾರರ ಕಚೇರಿಗಿಂತ ಮುಂಚಿತವಾಗಿ ಶಾಸಕರ ಕಚೇರಿ ತೆರೆದ ಊರುಗಳು ರಾಜ್ಯದಲ್ಲಿ ವಿರಳವೆಂದೇ ನನ್ನ ಎಣಿಕೆ.

ಈ ಪುನರ್ವಿಂಗಡಣೆಯ ಹೆಚ್ಚಿನ ಪರಿಣಾಮವು ಕಂಡುಬಂದದ್ದು ಮೀಸಲಾತಿಯಲ್ಲಿ. ಅದಕ್ಕೆ ಮೊದಲು ರಾಜ್ಯದಲ್ಲಿ ಪರಿಶಿಷ್ಟ ಪಂಗಡಗಳಿಗೆ ಮೀಸಲಾಗಿದ್ದ ಸ್ಥಾನಗಳು ಎರಡೇ, 2008ರಿಂದ 15. ನಾಯಕ, ಬೇಡ, ವಾಲ್ಮೀಕಿ ಮೊದಲಾದ ಹೆಸರುಗಳು 1991ರ ಅಧಿನಿಯಮದ ಮೂಲಕ ಪಂಗಡಗಳ ಪಟ್ಟಿಯನ್ನು ಸೇರಿದ್ದುದರಿಂದ, 2001ರ ಜನಗಣತಿಯಲ್ಲಿ ಪಂಗಡಗಳ ಜನಸಂಖ್ಯೆಯು ಬಹಳವಾಗಿ ಏರಿ ಕಂಡಿತು. ಪಂಗಡದ ಸ್ಥಾನಗಳನ್ನು ಆ ಜನರ ಪ್ರಮಾಣ ಅತ್ಯಧಿಕವಾಗಿರುವಲ್ಲಿಯೇ ಇಡತಕ್ಕದ್ದೆಂಬುದೂ, ಜಾತಿಯ ಸ್ಥಾನಗಳನ್ನು ರಾಜ್ಯದ ಬೇರೆಬೇರೆ ಭಾಗಗಳಲ್ಲಿ ಹಂಚಿ ಇಡತಕ್ಕದ್ದೆಂಬುದೂ ಶಾಸನದ ನಿಯಮ. ಈ ಎರಡು ನಿಯಮಗಳ ಭಿನ್ನತೆಯಿಂದಾಗಿ ರಾಯಚೂರು ಜಿಲ್ಲೆಯ ಏಳು ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ ಎಂಬ ನಾಲ್ಕು ಪಂಗಡಕ್ಕೂ, ಲಿಂಗಸುಗೂರು ಜಾತಿಗೂ ಸಂದು, ರಾಯಚೂರು ನಗರ ಮತ್ತು ಸಿಂಧನೂರು ಎಂಬ ಎರಡು ಮಾತ್ರ ಸಾಮಾನ್ಯವಾಗಿ ಉಳಿದವು. ಅಲ್ಲಿಯವರೆಗೆ ಸಾಮಾನ್ಯ ಕ್ಷೇತ್ರವಾಗಿದ್ದ ಲಿಂಗಸುಗೂರನ್ನು ಪ್ರತಿನಿಧಿಸಿದ್ದ ಅಮರೇಗೌಡ ಬಯ್ಯಾಪುರ ಅವರು ನೆರೆಯ ಕುಷ್ಟಗಿಗೆ ಹೋಗಿ 2008ರಲ್ಲಿ ಅಲ್ಲಿಂದ ಗೆದ್ದು ಬಂದರು; ಲಿಂಗಸುಗೂರಿನಲ್ಲಿ ಮಾನಪ್ಪ ವಜ್ಜಲ ಅವರ ಕಾಲ ಆರಂಭವಾಯಿತು. ಗೌಡಕಿಯ ಪ್ರಭಾವಕ್ಕೆ ಬಹುಕಾಲದಿಂದ ಒಗ್ಗಿದ್ದ ದೋಆಬಿನ ರಾಜಕಾರಣವು ಒಂದು ಆಜ್ಞಾಪತ್ರದಿಂದ ಹೀಗೆ ತನ್ನ ಅಭ್ಯರ್ಥಿಗಳನ್ನೇ ಬದಲಾಯಿಸಿಕೊಳ್ಳಬೇಕಾಯಿತೆಂಬುದು ಯಾವುದೇ ಚುನಾವಣಾ ಅಲೆಗಿಂತ ಗಂಭೀರವಾದ ಸಂಗತಿ.

ಇನ್ನೊಂದು ವೈಚಿತ್ರ್ಯವನ್ನೂ ಹೇಳಬೇಕು. ಲಿಂಗಸುಗೂರು ರಾಯಚೂರು ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದರೆ, ರಾಯಚೂರು ಜಿಲ್ಲೆಯವೇ ಆದ ಸಿಂಧನೂರು ಮತ್ತು ಮಸ್ಕಿಗಳು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಮತ ನೀಡುತ್ತವೆ. ಕೊಪ್ಪಳವು ಹಿಂದೆ ರಾಯಚೂರು ಜಿಲ್ಲೆಯ ಭಾಗವೇ ಆಗಿದ್ದುದನ್ನು ನೆನೆದರೆ ಇದು ಅಷ್ಟು ಅಸಂಗತವಾಗಿ ತೋರುವುದಿಲ್ಲ.

ಸಭೆಯ ದೈನಂದಿನ ಕಾರ್ಯವಿಧಾನವು ಎಲ್ಲ ರಾಜ್ಯಗಳಲ್ಲಿಯೂ ಬಹುತೇಕ ಒಂದೇ ಆಗಿರುವುದರಿಂದ ಅದನ್ನು ಸಂಕ್ಷೇಪವಾಗಿ ಸೂಚಿಸಿದರೆ ಸಾಕು. ಒಟ್ಟು ಸದಸ್ಯರಲ್ಲಿ ಹತ್ತನೆಯ ಒಂದು ಪಾಲು, ಎಂದರೆ 23 ಮಂದಿ, ಇದ್ದರೆ ಸಭೆಗೆ ಕೋರಂ ಆಗುತ್ತದೆ. ಪ್ರಶ್ನೋತ್ತರ ವೇಳೆ, ಶೂನ್ಯವೇಳೆ, ಗಮನ ಸೆಳೆಯುವ ಸೂಚನೆ, ಇವು ದೂರದ ಕ್ಷೇತ್ರದ ಸದಸ್ಯನಿಗೆ ದೊರೆಯುವ ಅವಕಾಶಗಳು. ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನಗಳಿಗಿಂತ ಹೆಚ್ಚು ಕಾಲ ಹಿಡಿದಿಡಲಾರದು. ಪರಿಷತ್ತಿನ 75 ಸದಸ್ಯರಲ್ಲಿ 25 ಮಂದಿಯನ್ನು ಈ ಶಾಸಕರೇ ಆರಿಸುತ್ತಾರೆ. ರಾಷ್ಟ್ರಪತಿಯ ಚುನಾವಣೆಯಲ್ಲಿ ಕರ್ನಾಟಕದ ಪ್ರತಿಯೊಬ್ಬ ಶಾಸಕನ ಮತದ ಮೌಲ್ಯ 131, ಅದೂ ಇಂದಿಗೂ 1971ರ ಜನಗಣತಿಯ ಲೆಕ್ಕದಂತೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪದಿರುವುದಾಗಲಿ, ಹಟ್ಟಿ ಚಿನ್ನದ ಗಣಿಯ ಕಾರ್ಮಿಕರ ಅಹವಾಲಾಗಲಿ ಸರ್ಕಾರದ ಲಿಖಿತ ಉತ್ತರವನ್ನು ಪಡೆಯಬೇಕಾದರೆ ಸಭೆಯಲ್ಲಿ ಆ ಸ್ಥಾನದಲ್ಲೊಬ್ಬ ಸದಸ್ಯನು ಕುಳಿತಿರಬೇಕು.

ಮಸ್ಕಿಯಲ್ಲಿ ಅಂತಹ ಸದಸ್ಯನಿಲ್ಲದ ಕಾಲವೊಂದು ಬಂದಿತು. 2018ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾರತೀಯ ಜನತಾ ಪಕ್ಷದ ಬಸನಗೌಡ ತುರ್ವಿಹಾಳ ಅವರನ್ನು ಕೇವಲ 213 ಮತಗಳಿಂದ ಸೋಲಿಸಿದರು. ಅದೇ ಚುನಾವಣೆಯಲ್ಲಿ ಲಿಂಗಸುಗೂರಿನಿಂದ ಕಾಂಗ್ರೆಸ್ಸಿನ ಡಿ.ಎಸ್. ಹೂಲಗೇರಿ, ಸಿಂಧನೂರಿನಿಂದ ಜನತಾದಳದ ವೆಂಕಟರಾವ್ ನಾಡಗೌಡರು ಆಯ್ಕೆಯಾದರು. ನಾಡಗೌಡರು ಕುಮಾರಸ್ವಾಮಿಯವರ ಸಮ್ಮಿಶ್ರ ಮಂತ್ರಿಮಂಡಲದಲ್ಲಿ ಪಶುಸಂಗೋಪನಾ ಸಚಿವರಾದರು. ಮೂರು ಕ್ಷೇತ್ರಗಳೂ ಸರ್ಕಾರದ ಪಕ್ಷದಲ್ಲಿದ್ದ ಆ ಸನ್ನಿವೇಶವು ಹದಿನಾಲ್ಕು ತಿಂಗಳು ಬಾಳಿತು. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟ ಶಾಸಕರಲ್ಲಿ ಪ್ರತಾಪಗೌಡರೂ ಒಬ್ಬರು. 1974ರ 33ನೆಯ ತಿದ್ದುಪಡಿಯಾದಾಗಿನಿಂದ, ರಾಜೀನಾಮೆಯು ಸ್ವಯಂಪ್ರೇರಿತವೂ ನೈಜವೂ ಆಗಿದೆಯೆಂದು ಸಭಾಧ್ಯಕ್ಷರಿಗೆ ಮನದಟ್ಟಾಗದೆ ಅದು ಅಂಗೀಕೃತವಾಗುವಂತಿಲ್ಲ. 1985ರ ಹತ್ತನೆಯ ಅನುಸೂಚಿಯು ಪಕ್ಷಾಂತರಿಯನ್ನು ಅನರ್ಹಗೊಳಿಸುವ ಅಧಿಕಾರವನ್ನೂ ಅವರಿಗೇ ಕೊಟ್ಟಿದೆ. ರಾಜೀನಾಮೆ ಮೊದಲೋ ಅನರ್ಹತೆ ಮೊದಲೋ ಎಂಬ ವಾದವು ಸರ್ವೋಚ್ಚ ನ್ಯಾಯಾಲಯವನ್ನು ಏರಿತು. ಜುಲೈ 17ರ ಮಧ್ಯಂತರ ಆಜ್ಞೆಯು ಇಂದಿಗೂ ಕಾನೂನು ಗ್ರಂಥಗಳಲ್ಲಿ ಪ್ರತಾಪಗೌಡ ಪಾಟೀಲರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಜುಲೈ 23ರಂದು ವಿಶ್ವಾಸಮತವು 99ಕ್ಕೆ 105 ಮತಗಳಿಂದ ಬಿದ್ದುಹೋಯಿತು. ಮಸ್ಕಿಯ ಸದಸ್ಯನ ಗೈರುಹಾಜರಿಯೂ ಪಾತ್ರವಹಿಸಿದ ಆ ಸೋಲಿನಿಂದ ನೆರೆಯ ಸಿಂಧನೂರು ತನ್ನ ಸಚಿವನನ್ನು ಕಳೆದುಕೊಂಡಿತು. ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್ ಅವರು ಒಟ್ಟು 17 ಮಂದಿಯನ್ನು, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸಲಾಗದಂತೆ, ಅನರ್ಹಗೊಳಿಸಿದರು. ಸಭೆಯ ಬಲವು 224ರಿಂದ 207ಕ್ಕಿಳಿದು, ಬಹುಮತದ ಅಂಕವು 113ರಿಂದ 104ಕ್ಕೆ ಇಳಿಯಿತು. ಅನರ್ಹತೆಯ ಅಂತಿಮ ಆಜ್ಞೆ ಹೊರಬಿದ್ದ ಮರುದಿನ, ಜುಲೈ 29ರಂದು, ಯಡಿಯೂರಪ್ಪನವರ ಹೊಸ ಸರ್ಕಾರವು ಧ್ವನಿಮತದಿಂದ ವಿಶ್ವಾಸ ಗಳಿಸಿತು. ಒಬ್ಬ ಮತದಾರನೂ ಮತ ಚಲಾಯಿಸದೆ ಸಭೆಯ ರಚನೆಯೇ ಬದಲಾದ ದಿನಗಳವು. ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ನಿಷೇಧವನ್ನು ಮಾತ್ರ ತೆಗೆದುಹಾಕಿತು.

ತೆರವಾದ ಸ್ಥಾನಗಳಲ್ಲಿ 15ಕ್ಕೆ ಡಿಸೆಂಬರ್ 5ರಂದು ಉಪಚುನಾವಣೆ ನಡೆಯಿತು. ಮಸ್ಕಿ ಮತ್ತು ರಾಜರಾಜೇಶ್ವರಿ ನಗರಗಳ ವಿಷಯದಲ್ಲಿ 2018ರ ಫಲಿತಾಂಶವನ್ನೇ ಪ್ರಶ್ನಿಸಿದ ಅರ್ಜಿಗಳು ಉಚ್ಚ ನ್ಯಾಯಾಲಯದಲ್ಲಿದ್ದುದರಿಂದ ಅವೆರಡನ್ನು ಬಿಡಲಾಯಿತು. ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕೆಂಬುದು ಪ್ರಜಾಪ್ರಾತಿನಿಧ್ಯ ಅಧಿನಿಯಮದ ಆಶಯ. ಆದರೆ ಮಸ್ಕಿಯ ಮತದಾರನು 2021ರ ಏಪ್ರಿಲ್ 17ರವರೆಗೆ ಕಾಯಬೇಕಾಯಿತು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ರೈತರು ದೀರ್ಘಕಾಲ ಧರಣಿ ಕುಳಿತದ್ದು ಈ ಶೂನ್ಯಾವಧಿಯಲ್ಲಿಯೇ. ಸಭೆಯಲ್ಲಿ ಕೇಳತಕ್ಕದ್ದನ್ನು ಅವರು ಬೀದಿಯಲ್ಲಿ ಕೇಳಿದರು. ಮೇ 2ರಂದು ಎಣಿಕೆಯಾದಾಗ ಪಕ್ಷಗಳು ಅದಲುಬದಲಾಗಿದ್ದವು: ಕಾಂಗ್ರೆಸ್ಸಿಗೆ ಬಂದ ತುರ್ವಿಹಾಳ ಅವರು ಭಾರತೀಯ ಜನತಾ ಪಕ್ಷಕ್ಕೆ ಹೋದ ಪಾಟೀಲರನ್ನು 30,606 ಮತಗಳಿಂದ ಸೋಲಿಸಿದರು. 2023ರಲ್ಲಿಯೂ ಅವರೇ ಮರಳಿ ಆರಿಸಿಬಂದರು. ಆ ವರ್ಷ ಸಿಂಧನೂರಿನಿಂದ ಕಾಂಗ್ರೆಸ್ಸಿನ ಹಂಪನಗೌಡ ಬಾದರ್ಲಿ, ಲಿಂಗಸುಗೂರಿನಿಂದ ಭಾರತೀಯ ಜನತಾ ಪಕ್ಷದ ಮಾನಪ್ಪ ವಜ್ಜಲ ಅವರು ಗೆದ್ದರು.

ಅಭ್ಯರ್ಥಿಗಳು ಪಕ್ಷವನ್ನು ಬದಲಿಸಿದರೂ, ಸರ್ಕಾರಗಳು ಬಂದು ಹೋದರೂ, 2001ರ ಜನಗಣತಿಯ ಮೇಲೆ ಎಳೆದ ಗಡಿಗಳು ಮಾತ್ರ ಈ ಮೂರು ಕ್ಷೇತ್ರಗಳಲ್ಲಿ ಇನ್ನೂ ಹಾಗೆಯೇ ಇವೆ. ಸ್ಥಾನಸಂಖ್ಯೆಯ ಮೇಲಣ ಬಂಧನವು 2026ರ ಅನಂತರದ ಮೊದಲ ಜನಗಣತಿಯವರೆಗೆ ಇರತಕ್ಕದ್ದು. ಅದು ಕಳೆದ ಮೇಲೆ ನೇಮಕವಾಗುವ ಆಯೋಗದ ಎದುರಿಗೆ, 2008ರಲ್ಲಿ ಇಲ್ಲದಿದ್ದ ಮಸ್ಕಿ ತಾಲ್ಲೂಕಿನ ಗಡಿಯೂ ಒಂದು ದಾಖಲೆಯಾಗಿ ಇರುತ್ತದೆ.