ಗೆಲ್ಲದ ಆರು ವರ್ಷ: ನಮ್ಮ ಶಾಲೆಯ ಬಾಲಕಿಯರ ಖೋ ಖೋ ತಂಡ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಶಾಲೆಯ ಕ್ರೀಡಾ ಇತಿಹಾಸ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ಸಂತೋಷದಿಂದಲೇ ಒಪ್ಪಿಕೊಂಡೆ. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿನಿ. ಈಗ ಬೇರೊಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಒಂದು ಶನಿವಾರ ಮಧ್ಯಾಹ್ನ ಬಂದು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಬೀರುವಿನ ಮುಂದೆ ನೋಟ್‌ಬುಕ್ ಹಿಡಿದು ನಿಂತೆ. ಬಾಲಕರ ವಾಲಿಬಾಲ್, ಕಬಡ್ಡಿ, ಗುಂಡು ಎಸೆತ, ರಿಲೇ ಹೀಗೆ ಕಪ್ಪುಗಳು ಸಾಲಾಗಿವೆ. ಬಾಲಕಿಯರ ಖೋ ಖೋ ಸಾಲಿನಲ್ಲಿ ಮಾತ್ರ ನಡುವೆ ದೊಡ್ಡದೊಂದು ಖಾಲಿ ಜಾಗ. 1996ರಿಂದ 2001ರವರೆಗೆ ಅಲ್ಲಿ ಏನೂ ಇಲ್ಲ. ನಾನು ಆಡಿದ ಮೂರು ವರ್ಷಗಳೂ ಅದರೊಳಗೇ ಸೇರಿವೆ.

ಗೆದ್ದವರ ಪಟ್ಟಿಯನ್ನು ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಕೊಡುತ್ತಿದ್ದಾರೆ. ಆದ್ದರಿಂದ ನಾನು ಆ ಖಾಲಿ ಜಾಗದ ಬಗ್ಗೆ ಬರೆಯುತ್ತೇನೆ ಎಂದೆ. ಸಮಿತಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರೀರಿ ಮೇಡಂ, ಆದ್ರೆ ತುಂಬ ಉದ್ದ ಬೇಡ" ಎಂದರು.

ಶಾಲಾ ಕ್ರೀಡಾಕೂಟದ ಮೆಟ್ಟಿಲುಗಳು ಕಂದಾಯದ ನಕ್ಷೆಯನ್ನೇ ಅನುಸರಿಸುತ್ತವೆ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಹಾಗಾಗಿ ಸೋಲಿನ ಕಥೆಗೂ ಒಂದು ಭೂಪಟ ಬೇಕಾಗುತ್ತದೆ. ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆಯದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ನಡೆದು ಹೋಗುವಷ್ಟು ಹತ್ತಿರದ ಹಳ್ಳಿಗಳಿಗೆ ಎರಡು ಸರ್ಕಾರ. ನಮ್ಮ ತಾತನ ಕಾಲದವರಿಗೆ ಜಿಲ್ಲಾ ಕೇಂದ್ರವೆಂದರೆ ಬೆಟ್ಟದಾಚೆಯ ಕೊಯಮತ್ತೂರು. ರಾಜ್ಯ ಪುನರ್ವಿಂಗಡಣೆಯ ನಂತರ ನಾವು ಮೈಸೂರು ಜಿಲ್ಲೆಗೆ ಬಂದೆವು. ಅಂದರೆ ಜಿಲ್ಲಾ ಕ್ರೀಡಾಕೂಟಕ್ಕೆ ಹೋದ ನಮ್ಮ ಮಕ್ಕಳು ಮೈಸೂರು ನಗರದ ಶಾಲೆಗಳನ್ನೂ ಟಿ. ನರಸೀಪುರದ ಹಳ್ಳಿ ತಂಡಗಳನ್ನೂ ಎದುರಿಸಬೇಕಾಗಿತ್ತು.

ಟಿ. ನರಸೀಪುರ ಎಂದರೆ ಖೋ ಖೋ ಆಡುವವರಿಗೆ ಬೇರೆ ಹೇಳಬೇಕಿಲ್ಲ. ಕೊಳ್ಳೇಗಾಲದಿಂದ ಮೈಸೂರಿಗೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಊರು. ಆ ತಾಲ್ಲೂಕಿನ ಕುರುಬೂರಿನ ಚೈತ್ರಾ 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿದ್ದರು. ಫೈನಲ್‌ನಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78-40ರಿಂದ ಸೋಲಿಸಿದಾಗ ನಾನು ಟಿ.ವಿ. ಮುಂದೆ ಕೂತು ಒಬ್ಬಳೇ ಚಪ್ಪಾಳೆ ತಟ್ಟಿದೆ. ಪುಣೆಯ ಕಡೆ ನಿಯಮ ಕಟ್ಟಿಕೊಂಡು ಬೆಳೆದ, 1959-60ರಲ್ಲಿ ವಿಜಯವಾಡದಲ್ಲಿ ಮೊದಲ ರಾಷ್ಟ್ರೀಯ ಪಂದ್ಯಾವಳಿ ಕಂಡ ಆಟ ಕಾವೇರಿ ದಂಡೆಯ ಹಳ್ಳಿಯಲ್ಲಿ ಹೀಗೆ ಬೇರು ಬಿಟ್ಟಿದೆ.

1997ರಲ್ಲಿ ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಟಿ. ನರಸೀಪುರ ಮೈಸೂರಿನಲ್ಲೇ ಉಳಿಯಿತು, ನಾವು ಈಚೆ ಬಂದೆವು. ಊರಿನ ಹಿರಿಯರು ಟೀ ಅಂಗಡಿಯಲ್ಲಿ ಕೂತು, "ಇನ್ನೇನು, ಜಿಲ್ಲಾ ಮಟ್ಟದಲ್ಲಿ ನಮ್ ಮಕ್ಳೇ ಗೆಲ್ಲದು" ಎಂದು ಲೆಕ್ಕ ಹಾಕಿದ್ದರಂತೆ. ಜಿಲ್ಲೆ ಹಾಗಿರಲಿ, ನಾವು ತಾಲ್ಲೂಕನ್ನೂ ನೋಡಲಿಲ್ಲ. ಆರು ವರ್ಷವೂ ಹೋಬಳಿ ಮಟ್ಟದ ಮೊದಲನೇ ಪಂದ್ಯದಲ್ಲೇ ಸೋತು, ಬುತ್ತಿ ಬಿಚ್ಚುವ ಹೊತ್ತಿಗೆ ವಾಪಸ್ ಬಸ್ಸಿಗೆ ನಿಲ್ಲುತ್ತಿದ್ದೆವು.

ನಾನು ಎಂಟನೇ ತರಗತಿಗೆ ಸೇರಿದ್ದು 1998ರಲ್ಲಿ. ಅಷ್ಟರಲ್ಲಿ ತಂಡ ಎರಡು ವರ್ಷ ಸೋತಿತ್ತು. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇತ್ತು. ಬಾಲಕಿಯರ ತಂಡವನ್ನು ಗಣಿತದ ಮೇಡಂ ನೋಡಿಕೊಳ್ಳುತ್ತಿದ್ದರು. ಅವರೇ ಒಮ್ಮೆ ನಗುತ್ತಾ ಹೇಳಿದ್ದು: ಅವರು ಓದುವಾಗ ಆಡಿದ್ದು ಟೆನ್ನಿಕಾಯ್ಟ್ ಒಂದೇ. ಮೈದಾನ ಶಾಲೆಯ ಹಿಂದೆ, ಕೆಮ್ಮಣ್ಣು, ನಡುವೆ ಸಣ್ಣ ನೊರಜುಗಲ್ಲು, ಒಂದು ಕಡೆಗೆ ಇಳಿಜಾರು. ಗೆರೆ ಎಳೆಯಲು ರಂಗೋಲಿ ಪುಡಿ. ಒಂದು ತುದಿಗೆ ನೀಲಗಿರಿ ಕಂಬ ನೆಟ್ಟಿದ್ದರು. ಇನ್ನೊಂದು ತುದಿಗೆ ಕಂಬ ನೆಡಲಿಲ್ಲ, ಏಕೆಂದರೆ ಅಲ್ಲಿ ಮೊದಲೇ ಒಂದು ಬೇವಿನ ಮರವಿತ್ತು.

ಈ ಬೇವಿನ ಮರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಖೋ ಖೋದಲ್ಲಿ ಎಂಟು ಜನ ಸಾಲಾಗಿ, ಒಬ್ಬರು ಆಚೆ ಮುಖ ಒಬ್ಬರು ಈಚೆ ಮುಖ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಅಟ್ಟಿಸಿಕೊಂಡು ಹೋಗುತ್ತಾಳೆ. ಓಡುವವಳು ಕೂತವರ ನಡುವೆ ನುಗ್ಗಿ ಹೇಗೆ ಬೇಕಾದರೂ ತಿರುಗಬಹುದು. ಅಟ್ಟುವವಳು ಮಾತ್ರ ನಡುಗೆರೆ ದಾಟುವಂತಿಲ್ಲ, ಹಿಡಿದ ದಿಕ್ಕಿನಿಂದ ಹಿಂದಕ್ಕೆ ತಿರುಗುವಂತಿಲ್ಲ; ಆಚೆ ಬದಿಗೆ ಹೋಗಬೇಕಾದರೆ ಕಂಬ ಸುತ್ತಿಯೇ ಹೋಗಬೇಕು, ಇಲ್ಲವೇ ಕೂತವಳ ಬೆನ್ನು ಮುಟ್ಟಿ ಖೋ ಕೊಡಬೇಕು. ಆಟದ ಕಂಬ ಒಂದು ಕೈಯಲ್ಲಿ ಹಿಡಿದು ಗಿರಕ್ಕನೆ ತಿರುಗುವಷ್ಟು ಸಣ್ಣದು. ನಮ್ಮ ಬೇವಿನ ಮರವನ್ನು ಇಬ್ಬರು ತಬ್ಬಬೇಕಿತ್ತು. ವರ್ಷವಿಡೀ ಮರ ಸುತ್ತಿದ ನಮ್ಮ ಕಾಲಿಗೆ ದೂರದಿಂದ ದೊಡ್ಡ ಸುತ್ತು ಬರುವುದೇ ಅಭ್ಯಾಸವಾಗಿ, ಹೋಬಳಿ ಮೈದಾನದ ಕಂಬವನ್ನೂ ಹಾಗೇ ಸುತ್ತುತ್ತಿದ್ದೆವು. ಎದುರಾಳಿ ಹುಡುಗಿ ಅಷ್ಟರಲ್ಲಿ ಆಚೆ ತುದಿಯಲ್ಲಿ ನಿಂತು ಜಡೆ ಸರಿ ಮಾಡಿಕೊಳ್ಳುತ್ತಿದ್ದಳು.

1998ರ ಪಂದ್ಯ ನನಗೆ ಮೊದಲನೆಯದು. ಎದುರಿನವರು ಮೊದಲ ಸರದಿಯಲ್ಲಿ 19 ಜನರನ್ನು ಔಟ್ ಮಾಡಿದರು. ನಾವು ಎರಡು ಸರದಿಯೂ ಸೇರಿ 15. ಒಂದು ಇನಿಂಗ್ಸ್ ಮತ್ತು 4 ಅಂಕದ ಸೋಲು. ಮೂರು ಮೂರು ಜನರಂತೆ ಓಟಕ್ಕೆ ಇಳಿಯಬೇಕು. ನಮ್ಮ ಮೊದಲ ಮೂವರು ಎರಡು ನಿಮಿಷವೂ ನಿಲ್ಲಲಿಲ್ಲ. ಆ ಮೂವರಲ್ಲಿ ಮೊದಲು ಔಟಾದವಳು ನಾನು. ಅವರು ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು, ನಾವು ಸಮವಸ್ತ್ರದ ನೀಲಿ ಲಂಗದಲ್ಲಿ. ಸೋಲಿಗೆ ಲಂಗ ಕಾರಣವಲ್ಲ. ಆದರೆ ಬಿದ್ದರೆ ಲಂಗ ಮೇಲೇರುತ್ತದೆಂಬ ಹೆದರಿಕೆಯಲ್ಲಿ ನಮ್ಮಲ್ಲಿ ಒಬ್ಬಳೂ ಮುಂದಕ್ಕೆ ಹಾರಿ ಮುಟ್ಟಲು ಹೋಗಲಿಲ್ಲ ಎಂಬುದು ನಿಜ. ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲಿ ಕೂತಿದ್ದವಳು ಮುಖ ನೋಡಿಯೇ, "ಸೋತ್ಬುಟ್ರಾ ಮೊಗಾ? ಬುಡು, ಉಣ್ಣು ಬಾ" ಎಂದಳು. ಮುಂದಿನ ಎರಡು ವರ್ಷವೂ ಅವಳು ಅದನ್ನೇ ಹೇಳಿದಳು.

ನಮ್ಮಲ್ಲಿ ಒಬ್ಬಳಿದ್ದಳು, ನನ್ನ ಬೆಂಚಿನವಳೇ. ಹೆಸರು ಹಾಕಬೇಡ ಎಂದಿದ್ದಾಳೆ. ಓಟದಲ್ಲಿ ಹುಡುಗರನ್ನೂ ಹಿಂದೆ ಹಾಕುತ್ತಿದ್ದಳು. ನಾವೆಲ್ಲ ಸೇರಿ ಮಾಡಿದ ದೊಡ್ಡ ತಪ್ಪೆಂದರೆ ಅವಳೊಬ್ಬಳನ್ನೇ ಅಟ್ಟಲು ಬಿಡುತ್ತಿದ್ದದ್ದು. ಅಟ್ಟುವ ತಂಡದ ವೇಗ ಕಾಲಿನಲ್ಲಿಲ್ಲ, ಖೋ ಕೊಡುವುದರಲ್ಲಿದೆ ಎಂದು ನಮಗೆ ಹೇಳಿದವರಿರಲಿಲ್ಲ. ಮೂರು ನಿಮಿಷಕ್ಕೆ ಅವಳು ಸುಸ್ತಾಗಿ ಏದುಸಿರು ಬಿಡುತ್ತಿದ್ದಳು. ನಾವು ಎಂಟು ಜನ ಕೂತಲ್ಲೇ ಕೂತು "ಹಿಡಿ, ಹಿಡಿ" ಎಂದು ಕೂಗುತ್ತಿದ್ದೆವು.

1999ರಲ್ಲಿ ಪಂದ್ಯದ ದಿನ ಬೆಳಿಗ್ಗೆ ಅವಳು ಬರಲೇ ಇಲ್ಲ. ಕಾರಣ ರೇಷ್ಮೆ ಹುಳು. ಕೊಳ್ಳೇಗಾಲ ಸೀಮೆಗೆ ರೇಷ್ಮೆ ಮದರಾಸು ಸರ್ಕಾರದ ಕಾಲದಿಂದಲೂ ಅನ್ನ ಕೊಟ್ಟ ಕಸುಬು. ಸಾಕಿದವರಿಗೆ ಗೊತ್ತು: ನಾಲ್ಕನೇ ಜ್ವರದಿಂದ ಎದ್ದ ಹುಳು ಏಳೆಂಟು ದಿನ ಹಗಲೂ ರಾತ್ರಿ ಸೊಪ್ಪು ತಿಂದು ಹಣ್ಣಾಗುತ್ತದೆ. ಹಣ್ಣಾದ ಹುಳುವನ್ನು ಆಗಿಂದಾಗಲೇ ಆರಿಸಿ ಚಂದ್ರಿಕೆಗೆ ಬಿಡಬೇಕು. ತಡವಾದರೆ ಹುಳು ಕಂಡಲ್ಲಿ ನೂಲು ಬಿಟ್ಟು ಗೂಡು ಹಾಳಾಗುತ್ತದೆ, ತಿಂಗಳ ದುಡಿಮೆ ಮಣ್ಣುಪಾಲು. ಆ ದಿನ ಮನೆಯ ಎಲ್ಲ ಕೈಗಳೂ ಬೇಕು, ಅದರಲ್ಲೂ ಹೆಣ್ಣುಮಕ್ಕಳ ಚುರುಕು ಕೈ. ಅವರ ಮನೆಯಲ್ಲಿ ಹುಳು ಹಣ್ಣಾದದ್ದು ಪಂದ್ಯದ ಹಿಂದಿನ ರಾತ್ರಿ. ನಾವು ಹತ್ತು ಮಂದಿ ಹೊರಟಿದ್ದವರು ಒಂಬತ್ತಾದೆವು. ಒಬ್ಬಳ ಕಾಲು ಉಳುಕಿದರೂ ಆಡಿಸಲು ಬದಲಿ ಇರಲಿಲ್ಲ. ಸೋಲು ಎಷ್ಟು ಅಂಕದ್ದೆಂದು ನನಗೆ ನೆನಪಿಲ್ಲ. ನೆನಪಿಟ್ಟುಕೊಳ್ಳುವಂಥದ್ದೂ ಆಗಿರಲಿಲ್ಲ.

ಆ ಸೋಲಿನ ಮರುವಾರ ಸಿಬ್ಬಂದಿ ಕೊಠಡಿಯಲ್ಲಿ ನಡೆದ ಮಾತನ್ನು ನಾನು ಕೇಳಿಸಿಕೊಂಡೆ. ಹಾಜರಿ ಪುಸ್ತಕ ಕೊಡಲು ಹೋಗಿ ಬಾಗಿಲ ಬಳಿ ನಿಂತಿದ್ದೆ. ಯಾರೋ ಮೇಷ್ಟ್ರು, "ನಾಲ್ಕು ವರ್ಷದಿಂದ ಹೋಗೋದು ಬರೋದೇ ಆಯ್ತು. ಹೆಣ್ಣುಮಕ್ಕಳ ಟೀಮು ಬೇಡ, ಬಸ್ ಚಾರ್ಜು ಹುಡುಗರ ವಾಲಿಬಾಲ್‌ಗಾದ್ರೂ ಆಗುತ್ತೆ" ಎಂದರು. ಅವರದ್ದು ಕೆಟ್ಟ ಮನಸ್ಸಲ್ಲ, ಶಾಲೆಯಲ್ಲಿ ಹಣ ಅಷ್ಟೇ ಇತ್ತು. ಗಣಿತದ ಮೇಡಂ ಉತ್ತರವಾಗಿ ಒಂದು ಲೆಕ್ಕ ಹೇಳಿದರು. ಎಂಟನೇ ತರಗತಿಯಲ್ಲಿ ತಂಡಕ್ಕೆ ಸೇರಿದ ಹುಡುಗಿಯರಲ್ಲಿ ಹತ್ತನೆಯವರೆಗೆ ಉಳಿದವರೆಷ್ಟು, ತಂಡದಲ್ಲಿಲ್ಲದವರಲ್ಲಿ ಉಳಿದವರೆಷ್ಟು ಎಂದು. ಅಂಕಿಗಳು ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. "ಆಟ ಇದೆ ಅಂತ ಇವರು ಶಾಲೆಗೆ ಬರ್ತಿದಾರೆ ಸಾರ್, ಗೆಲ್ತಾರೆ ಅಂತಲ್ಲ" ಎಂದದ್ದು ಮಾತ್ರ ಕೇಳಿಸಿತು. ತಂಡ ಉಳಿಯಿತು. ಬಸ್ ಚಾರ್ಜು ಯಾರು ಕೊಟ್ಟರೆಂದು ನಾವು ಕೇಳಲಿಲ್ಲ.

ಆದರೆ ಮೇಡಂ ಲೆಕ್ಕ ನನ್ನ ಬೆಂಚಿನವಳನ್ನು ಉಳಿಸಲಿಲ್ಲ. ಒಂಬತ್ತನೆಯ ತರಗತಿಯ ಬೇಸಿಗೆ ರಜೆಯಲ್ಲಿ ಅವಳ ಮದುವೆಯಾಯಿತು, ಯಳಂದೂರು ಕಡೆಯ ಒಂದು ಹಳ್ಳಿಗೆ. ಜೂನ್‌ನಲ್ಲಿ ಶಾಲೆ ತೆರೆದಾಗ ಬೆಂಚಿನಲ್ಲಿ ನನ್ನ ಪಕ್ಕ ಬೇರೆಯವರು ಕೂತರು. ಮದುವೆಗೆ ನಾವು ತಂಡದವರೆಲ್ಲ ಹೋಗಿದ್ದೆವು, ಪಾಯಸ ಉಂಡು ಬಂದೆವು. ಅದರ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಆ ವಯಸ್ಸಿಗೆ ನಮಗೂ ಅನ್ನಬೇಕೆಂದು ತೋಚಲಿಲ್ಲ. ಇವತ್ತು ಒಬ್ಬ ಶಿಕ್ಷಕಿಯಾಗಿ ಇದನ್ನು ಬರೆಯುವಾಗ ಕೈ ತಡೆಯುತ್ತದೆ.

ಆ ವರ್ಷ, 2000ರಲ್ಲಿ, ಮೇಡಂ ಮೈಸೂರಿನಿಂದ ಖೋ ಖೋ ನಿಯಮದ ಒಂದು ಪುಸ್ತಕ ತಂದರು. ಗಣಿತದವರಲ್ಲವೇ, ಕಪ್ಪು ಹಲಗೆಯ ಮೇಲೆ ಎಂಟು ಚೌಕ ಬರೆದು, ಯಾವ ಚೌಕದಿಂದ ಯಾವಾಗ ಖೋ ಕೊಟ್ಟರೆ ಓಡುವವಳಿಗೆ ಎಷ್ಟು ಹೆಜ್ಜೆ ಉಳಿಯುತ್ತದೆಂದು ಬಿಡಿಸಿದರು. ಮೂರು ಹೆಜ್ಜೆಗಿಂತ ಹೆಚ್ಚು ಯಾರೂ ಅಟ್ಟಬಾರದು, ಖೋ ಕೊಟ್ಟುಬಿಡಬೇಕು ಎಂದು ನಿಯಮ ಮಾಡಿದರು. ಬೇವಿನ ಮರದ ಮುಂದೆ ಇನ್ನೊಂದು ಕಂಬ ನೆಡಿಸಿದರು. ಇಷ್ಟು ಸಣ್ಣ ಕೆಲಸ ಐದು ವರ್ಷ ಯಾರಿಗೂ ಹೊಳೆದಿರಲಿಲ್ಲ, ನಮಗೂ ಕೂಡ.

ಎಲ್ಲ ಸರಿಹೋಗುತ್ತಿದೆ ಎನ್ನುವಾಗ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ನಮ್ಮ ಹನೂರು, ರಾಮಾಪುರ, ಮಹದೇಶ್ವರ ಬೆಟ್ಟದ ಸೀಮೆಗೆ ಆ ಹೆಸರು ಹೊಸದಲ್ಲ. 1992ರಲ್ಲಿ ರಾಮಾಪುರದ ಪೊಲೀಸ್ ಠಾಣೆಯ ಮೇಲೇ ಅವನ ಗುಂಪು ದಾಳಿ ಮಾಡಿತ್ತು. ಸಂಜೆಯಾದ ಮೇಲೆ ಹೆಣ್ಣುಮಕ್ಕಳನ್ನು ಹೊರಗೆ ಬಿಡದಿರುವುದು ನಮ್ಮ ಕಡೆ ಆ ಮೊದಲೇ ರೂಢಿಯಾಗಿತ್ತು. ಈಗ ರಸ್ತೆಯಲ್ಲೆಲ್ಲ ಪೊಲೀಸ್ ಜೀಪು, ಬಸ್ಸು ಬಂದರೆ ಬಂತು. ಶಾಲೆ ಬಿಟ್ಟ ಮೇಲಿನ ಅಭ್ಯಾಸ ನಿಂತಿತು. ಮೇಡಂ ಅದನ್ನು ಬೆಳಗಿನ ಪ್ರಾರ್ಥನೆಗೆ ಮುಂಚಿನ ಮುಕ್ಕಾಲು ಗಂಟೆಗೆ ಬದಲಾಯಿಸಿದರು. ದೂರದ ಹಳ್ಳಿಯ ಇಬ್ಬರು ಆ ಹೊತ್ತಿಗೆ ಬರಲಾಗದೆ ಬಿಟ್ಟರು. ಅಣ್ಣಾವ್ರು 108 ದಿನದ ಮೇಲೆ ನವೆಂಬರ್‌ನಲ್ಲಿ ಬಿಡುಗಡೆಯಾದರು. ನಮ್ಮ ಪಂದ್ಯ ಅದಕ್ಕೆ ಮೊದಲೇ ಮುಗಿದುಹೋಗಿತ್ತು.

ಆ ಪಂದ್ಯವನ್ನು ನಾವು ಒಂದೇ ಅಂಕದಿಂದ ಸೋತೆವು. ಕೊನೆಯ ಸರದಿಯಲ್ಲಿ ಅಟ್ಟುತ್ತಿದ್ದವರು ನಾವು, ಸಮ ಮಾಡಿಕೊಳ್ಳಲು ಒಂದು ಔಟ್ ಬೇಕಿತ್ತು. ಕಂಬದ ಬಳಿ ಕೂತಿದ್ದ ನನಗೆ ಖೋ ಸಿಕ್ಕಿತು. ಓಡುವವಳು ಎರಡು ಹೆಜ್ಜೆ ಮುಂದಿದ್ದಳು. ನಾನು ಹಾರಿದೆ, ಲಂಗದ ಯೋಚನೆ ಬರಲಿಲ್ಲ, ಮೊಣಕೈ ಕಿತ್ತು ರಕ್ತ ಬಂತು. ಬೆರಳು ಅವಳ ಲಂಗಕ್ಕೆ ತಾಗಿತೆಂದು ಇವತ್ತಿಗೂ ನನಗನ್ನಿಸುತ್ತದೆ. ಅಂಪೈರ್ ಇಲ್ಲ ಎಂದರು. ಅವರು ನಿಂತ ಕಡೆಯಿಂದ ಕಂಡಿರಲಾರದು. ಹಿಂದಿನ ಸೋಲುಗಳಿಗೆ ನಾವು ಅತ್ತಿರಲಿಲ್ಲ, ಅವತ್ತು ಬಸ್ಸಿನಲ್ಲಿ ಎಲ್ಲರೂ ಅತ್ತೆವು. ಮೇಡಂ ಕಡಲೆಕಾಯಿ ಕೊಡಿಸಿದರು.

ಮುಂದಿನ ವರ್ಷವೂ ತಂಡ ಸೋತಿತು. 2002ರಲ್ಲಿ ಗೆದ್ದದ್ದನ್ನು ನಾನು ನೋಡಲಿಲ್ಲ, ಪಿಯುಸಿಯಲ್ಲಿದ್ದೆ. ತಂಡದಲ್ಲಿದ್ದ ನನ್ನ ತಂಗಿ ಓಡಿಬಂದು ಹೇಳಿದಳು. ಹೇಗೆ ಗೆದ್ರಿ ಎಂದರೆ ತಲೆ ತಗ್ಗಿಸಿ, "ಅವರ ಟೀಮಲ್ಲಿ ಎಂಟೇ ಜನ ಬಂದಿದ್ರು ಅಕ್ಕ, ಆಡ್ಲೇ ಇಲ್ಲ" ಎಂದಳು. ಆರು ವರ್ಷದ ಸೋಲು ಮುರಿದದ್ದು ಹಾಗೆ! ಅವರಲ್ಲೂ ಯಾರದೋ ಮನೆಯಲ್ಲಿ ಹುಳು ಹಣ್ಣಾಗಿತ್ತೋ ಏನೋ. ಆದರೆ ಎರಡನೆಯ ಪಂದ್ಯವನ್ನು ಅವರು ಆಡಿಯೇ ಗೆದ್ದರು, ಫೈನಲ್ಲನ್ನೂ ಗೆದ್ದರು, ತಾಲ್ಲೂಕು ಮಟ್ಟಕ್ಕೆ ಹೋಗಿ ಅಲ್ಲಿ ಸೋತರು. ಬೀರುವಿನಲ್ಲಿ ಖಾಲಿ ಜಾಗದ ಬಲಕ್ಕಿರುವ ಗೇಣುದ್ದದ ಕಪ್ಪು ಅದೇ. ಹನೂರು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗಿ ಮೆಟ್ಟಿಲುಗಳು ಮತ್ತೆ ಬದಲಾಗಿವೆ. ಮುಂದಿನ ಗೆಲುವುಗಳ ಲೆಕ್ಕ ಪಟ್ಟಿಯಲ್ಲಿದೆ.

ಈ ಲೇಖನ ಬರೆದು ಮುಗಿಸಿ ನನ್ನ ಬೆಂಚಿನವಳಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳ ಮಗಳು ಈಗ ಡಿಗ್ರಿ ಮುಗಿಸಿದ್ದಾಳೆ. ಮದುವೆಯ ಭಾಗ ಬಂದಾಗ ಸುಮ್ಮನಿದ್ದಳು, ತೆಗೆದುಬಿಡಲೇ ಎಂದರೆ "ಇರ್ಲಿ" ಎಂದಳು. ನಾನು ಮೊದಲು 1998ರ ಪಂದ್ಯದಲ್ಲಿ ನಮ್ಮ ಅಂಕ 14 ಎಂದು ಬರೆದಿದ್ದೆ. ಅಲ್ಲಿಗೆ ಬಂದಾಗ ತಡೆದಳು. "ಹದಿನಾಲ್ಕಲ್ಲ ಕಣೇ, ಹದಿನೈದು. ಕೊನೇ ಔಟು ನಾನೇ ಮಾಡಿದ್ದು, ಸೀಟಿ ಊದಕ್ಕೆ ಮುಂಚೆ. ನೀನು ಅಳ್ತಾ ಕೂತಿದ್ದೆ, ನೋಡ್ಲಿಲ್ಲ" ಎಂದಳು. ತಿದ್ದಿದ್ದೇನೆ.