ವಾದ್ಯದ ಅನಲಾಗ್ ಸಂಕೇತ ಮತ್ತು ದ್ಯುತಿತಂತು: ಚಾರಿತ್ರಿಕ ನೋಟ

ದನಿಯನ್ನು ಬೆಳಕಿನ ಮೇಲೇರಿಸಿ ಕಳಿಸುವ ಪ್ರಯತ್ನ ದ್ಯುತಿತಂತುವಿಗಿಂತ ಬಹಳ ಹಳೆಯದು. 1880ರ ಜೂನ್‌ನಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ಮತ್ತು ಚಾರ್ಲ್ಸ್ ಸಮ್ನರ್ ಟೇಂಟರ್ ವಾಷಿಂಗ್ಟನ್‌ನ ಫ್ರಾಂಕ್ಲಿನ್ ಶಾಲೆಯ ಮಾಳಿಗೆಯಿಂದ 213 ಮೀಟರ್ ಆಚೆಗಿನ ಪ್ರಯೋಗಶಾಲೆಗೆ ಬಿಸಿಲಿನ ಕಿರಣದ ಮೂಲಕ ಮಾತನ್ನು ಮುಟ್ಟಿಸಿದರು. ಅವರ ಫೋಟೋಫೋನಿನಲ್ಲಿ ಮಾತಿಗೆ ತೆಳುಗನ್ನಡಿ ಅದುರುತ್ತಿತ್ತು, ಅದಕ್ಕೆ ತಕ್ಕಂತೆ ಬೆಳಕು ಏರಿಳಿಯುತ್ತಿತ್ತು, ಎದುರು ತುದಿಯ ಸೆಲೆನಿಯಂ ಕೋಶ ಆ ಏರಿಳಿತವನ್ನು ವಿದ್ಯುತ್ತಾಗಿಸುತ್ತಿತ್ತು. ಇದು ಅಪ್ಪಟ ಅನಲಾಗ್ ವ್ಯವಸ್ಥೆ. ಬಯಲಲ್ಲಿ ಸಾಗುವ ಕಿರಣವಾದ್ದರಿಂದ ಮೋಡ ಮಳೆಗಳ ಮುಂದೆ ಅದು ನಿಲ್ಲಲಿಲ್ಲ.

ಬೆಳಕಿಗೆ ಗಾಜಿನೊಳಗೆ ಭದ್ರವಾದ ದಾರಿಯಾಗಬಹುದೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ 1966ರಲ್ಲಿ ತರ್ಕಿಸಿದರು. 1970ರಲ್ಲಿ ಕಾರ್ನಿಂಗ್ ಸಂಸ್ಥೆಯ ವಿಜ್ಞಾನಿಗಳು ಅಂಥ ತಂತುವನ್ನು ತಯಾರಿಸಿದರು.

ವೇದಿಕೆಯ ವಾದಕರಿಗೆ ಇದು ಬೇಕೆನಿಸಲು ಕಾರಣ ತಾಮ್ರದ ಕೇಬಲ್ಲಿನ ದೋಷಗಳು. 1930ರ ದಶಕದ ಮೊದಲಲ್ಲಿ ಬಂದ ವಿದ್ಯುತ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತಿನ ಸಣ್ಣ ತಂತಿ. ಅದರ ಸಂಕೇತ ತೀರ ದುರ್ಬಲ. ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಧಾರಕತೆಯಿರುವ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಿದರೆ ಪಿಕಪ್ ಮತ್ತು ಕೇಬಲ್ ಕೂಡಿ ಒಂದು ಸೋಸುಕವಾಗುತ್ತವೆ. 3 ಹೆನ್ರಿಯ ಪಿಕಪ್ಪಿಗೆ 2 ಮೀಟರ್ ಕೇಬಲ್ ಜೋಡಿಸಿದಾಗ ಅನುರಣನ ಸುಮಾರು 5.3 ಕಿಲೋಹರ್ಟ್ಸ್‌ನಲ್ಲಿದ್ದರೆ, 6 ಮೀಟರಿಗೆ ಅದು 3.5ಕ್ಕೆ ಇಳಿದು ನಾದದ ಮಿನುಗು ಮಂಕಾಗುತ್ತದೆ. ಜೊತೆಗೆ ವಿದ್ಯುತ್ ಸರಬರಾಜಿನ ಗುಂಯ್ ಸದ್ದು ಬೇರೆ.

ಅಪಾಯ ಇನ್ನೂ ದೊಡ್ಡದು. 1972ರ ಮೇ ತಿಂಗಳಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ, ಅರ್ಥಿಂಗ್ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯಲ್ಲೇ ಸತ್ತರು. 1976ರ ಡಿಸೆಂಬರಿನಲ್ಲಿ ಫ್ಲಾರಿಡಾದ ಲೇಕ್‌ಲ್ಯಾಂಡ್‌ನಲ್ಲಿ ಕಿಸ್ ತಂಡದ ಏಸ್ ಫ್ರೇಲಿ ಶಾಕ್ ಹೊಡೆದರೂ ಬದುಕುಳಿದರು. ಗಾಜು, ಪ್ಲಾಸ್ಟಿಕ್ಕುಗಳಲ್ಲಿ ವಿದ್ಯುತ್ ಹರಿಯದ ಕಾರಣ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ತಂತುವೊಂದೇ ಇದ್ದರೆ ಆ ದಾರಿಯಲ್ಲಿ ಇಂಥ ಆಘಾತ ಬರುವಂತಿಲ್ಲ. ತಂತುವಿನ ಪರವಾಗಿ ಇದಕ್ಕಿಂತ ಬಲವಾದ ವಾದವಿಲ್ಲ.

ಆದರೂ ಅದು ಬೇರೂರಲಿಲ್ಲ. ತೊಡಕಿನ ಒಂದು ಭಾಗ ತುದಿಗಳಲ್ಲಿದೆ. ಗಿಟಾರಿನ ಬದಿಯಲ್ಲಿ ಎಲ್‌ಇಡಿ ಉರಿಸಲು ಬ್ಯಾಟರಿ ಬೇಕು, ಪಿಕಪ್ಪಿನ ದುರ್ಬಲ ಸಂಕೇತಕ್ಕೆ ಬಫರ್ ಬೇಕು. ಎಲ್‌ಇಡಿಯ ಬೆಳಕು ವಿದ್ಯುತ್ತಿಗೆ ಸರಿಸಮವಾಗಿ ಏರುವುದಿಲ್ಲ. ಆ ವ್ಯತ್ಯಾಸ ಕಿವಿಗೆ ವಿಕೃತಿಯಾಗಿ ಬೀಳುತ್ತದೆ. ಉಳಿದ ತೊಡಕು ತಂತುವಿನದೇ. ಶ್ರವ್ಯ ಸಂಕೇತಕ್ಕೆ ಋಣ, ಧನ ಎರಡೂ ಪಾಳಿಗಳಿವೆ, ಬೆಳಕಿಗೆ ಋಣವಿಲ್ಲ. ಹೀಗಾಗಿ ಎಲ್‌ಇಡಿಯನ್ನು ನಡುಮಟ್ಟದಲ್ಲಿ ಸದಾ ಉರಿಸಿ, ಅದರ ಮೇಲೆ ಕೆಳಗೆ ಸಂಕೇತವನ್ನು ಏರಿಳಿಸಬೇಕು. ವಾದಕ ಹೆಜ್ಜೆಯಿಟ್ಟಾಗ ತಂತು ಬಾಗಿ ಒಂದಿಷ್ಟು ಬೆಳಕು ಹೊರಗೆ ಸೋರುತ್ತದೆ. ಆ ನಡುಮಟ್ಟವೇ ಅಲುಗುವುದರಿಂದ, ಗಿಟಾರ್ ಸುಮ್ಮನಿದ್ದರೂ ಆಂಪ್ಲಿಫೈಯರಿನಲ್ಲಿ ದಡ್ ದಡ್ ಸದ್ದು ಕೇಳಬಹುದು. ಸಂಕೇತವನ್ನು ಬೆಳಕಿನ ತೀವ್ರತೆಯ ಬದಲು ಮಿಡಿತಗಳ ಆವರ್ತನದಲ್ಲಿ ಅಡಕ ಮಾಡಿದರೆ ಈ ದೋಷ ತಪ್ಪುತ್ತದೆ. ಎಫ್‌ಎಂ ರೇಡಿಯೊದ ತತ್ವವೂ ಇದೇ. ಆದರೆ ಅಷ್ಟು ದೂರ ಬಂದ ವಿನ್ಯಾಸಕಾರನಿಗೆ ಡಿಜಿಟಲ್‌ಗೆ ದಾಟುವುದು ಒಂದೇ ಹೆಜ್ಜೆ.

ನಡೆದದ್ದೂ ಹಾಗೆಯೇ. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್, ಸಿಡಿ ಪ್ಲೇಯರಿನ ಡಿಜಿಟಲ್ ಸಂಕೇತವನ್ನು ಸುಮಾರು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತಂತುವಿನಲ್ಲಿ ಒಯ್ದಿತು. 1990ರ ದಶಕದ ಆರಂಭದಲ್ಲಿ ಅಲೆಸಿಸ್ ಸಂಸ್ಥೆಯ ಡಿಜಿಟಲ್ ಧ್ವನಿಮುದ್ರಕ ಎಡಾಟ್ ಅಂಥದೇ ತಂತುವಿನಲ್ಲಿ 8 ಚಾನಲ್‌ಗಳನ್ನು ಸಾಗಿಸಿತು. ವೇದಿಕೆಯ ಮೇಲೆ ಓಡಾಡುವವರ ಅಗತ್ಯವನ್ನು ವೈರ್‌ಲೆಸ್ ಪೂರೈಸಿತು. ಲೇಕ್‌ಲ್ಯಾಂಡ್ ಘಟನೆಯ ಬಳಿಕ ಕಿಸ್ ತಂಡ ಹಿಡಿದದ್ದು ಅದೇ ದಾರಿಯನ್ನು. ಕೇಬಲ್ ಮಂಕು ಮಾಡಿದ ನಾದವನ್ನೇ ಮೆಚ್ಚಿ, ಸುರುಳಿ ಕೇಬಲ್ ಬಳಸುತ್ತಿದ್ದ ವಾದಕರೂ ಇದ್ದರೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಅನಲಾಗ್ ದನಿಗೆ ತಂತುವೇ ಬೇಕೆನಿಸುವ ಒಂದು ಜಾಗ ಎಂಆರ್‌ಐ ಕೋಣೆ. ಬಲವಾದ ಅಯಸ್ಕಾಂತದ ಬಳಿ ಲೋಹದ ಸಾಮಾನ್ಯ ಮೈಕನ್ನು ಒಯ್ಯುವಂತಿಲ್ಲ. ಹಾಡುವವರ ನಾಲಿಗೆ, ಗಂಟಲುಗಳ ಚಲನೆಯನ್ನು ಸ್ಕ್ಯಾನ್ ಮಾಡಿ ಅಭ್ಯಸಿಸುವ ಸಂಶೋಧಕರು ಅವರ ಸ್ವರವನ್ನು ದ್ಯುತಿತಂತು ಮೈಕಿನಿಂದ ದಾಖಲಿಸಿಕೊಳ್ಳುತ್ತಾರೆ.