ಸಿಡ್ನಿ–ಹೋಬಾರ್ಟ್: ಮೊದಲು ಬಂದವರು, ಗೆದ್ದವರು

ಪ್ರತಿ ಡಿಸೆಂಬರ್ 26ರಂದು ಸಿಡ್ನಿ ಬಂದರಿನಿಂದ ಹೊರಡುವ ಹಾಯಿದೋಣಿಗಳು 628 ನಾಟಿಕಲ್ ಮೈಲಿ ದಾಟಿ ಟಾಸ್ಮೇನಿಯದ ಹೋಬಾರ್ಟ್ ಸೇರುತ್ತವೆ. ಅಲ್ಲಿ ಗೆರೆಯನ್ನು ಮೊದಲು ದಾಟಿದ ದೋಣಿಗೆ ‘ಲೈನ್ ಆನರ್ಸ್’ ಗೌರವ ಸಲ್ಲುತ್ತದೆ. ಕ್ಯಾಮೆರಾಗಳೆಲ್ಲ ಅದನ್ನೇ ಮುತ್ತಿಕೊಳ್ಳುತ್ತವೆ. ಆದರೆ ಒಟ್ಟಾರೆ ವಿಜೇತರ ಟ್ಯಾಟರ್ಸಾಲ್ ಕಪ್ ಬೇರೆಯೇ ಇದೆ. ಅದು ಯಾರ ಪಾಲೆಂಬುದು ಖಚಿತವಾಗಲು ಹಿಂದೆ ಬರುವ ದೋಣಿಗಳಿಗಾಗಿ ಕಾಯಬೇಕು.

ಕಾರಣ ಸರಳ. ನೂರು ಅಡಿಯ ದೋಣಿಯೂ ಮೂವತ್ತು ಅಡಿಯದೂ ಒಂದೇ ಕಡಲಿಗಿಳಿದರೆ ಉದ್ದನೆಯದೇ ಮುಂದೆ ಹೋಗುತ್ತದೆ. ಅದಕ್ಕಾಗಿ ಉದ್ದ, ತೂಕ, ಹಾಯಿಯ ವಿಸ್ತಾರ ಅಳೆದು ಪ್ರತಿ ದೋಣಿಗೂ ಒಂದು ಗುಣಾಂಕ ಕೊಡುತ್ತಾರೆ. ಪಯಣದ ಸಮಯವನ್ನು ಅದರಿಂದ ಗುಣಿಸಿದರೆ ಸಿಗುವುದು ತಿದ್ದಿದ ಸಮಯ. 1.900 ಗುಣಾಂಕದ ದೈತ್ಯ 40 ಗಂಟೆಯಲ್ಲಿ ತಲುಪಿದರೆ ಲೆಕ್ಕಕ್ಕೆ 76 ಗಂಟೆ, 1.050ರ ಪುಟ್ಟ ದೋಣಿ 70 ಗಂಟೆ ತೆಗೆದುಕೊಂಡರೂ 73.5. ಮೂವತ್ತು ಗಂಟೆ ತಡವಾಗಿ ಬಂದದ್ದೇ ಗೆದ್ದಿತು! ನಾವಿಕರ ಜಾಣ್ಮೆಯನ್ನು ಹಣದ ಬಲದಿಂದ ಬೇರ್ಪಡಿಸಿ ತೂಗುವ ಈ ಲೆಕ್ಕವೇ ಪಂದ್ಯದ ಜೀವಾಳ.

1945ರ ಮೊದಲ ಪಂದ್ಯದಲ್ಲಿ ಹೊರಟದ್ದು ಒಂಬತ್ತೇ ದೋಣಿಗಳು. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಜಾನ್ ಇಲ್ಲಿಂಗ್‌ವರ್ತ್ ಅವರ ‘ರಾಣಿ’ ಬಿರುಗಾಳಿಯಲ್ಲಿ ಕಣ್ಮರೆಯಾಗಿ, ಮುಳುಗಿತೆಂದೇ ಜನ ಆತಂಕಪಟ್ಟಿದ್ದರು. ಅದು ಎಲ್ಲರಿಗಿಂತ ಮೊದಲು ಬಂದು ಎರಡೂ ಗೌರವ ಗೆದ್ದುಕೊಂಡಿತು.

ಇಂಥ ಜೋಡಿ ಗೆಲುವು ಅಪರೂಪ. 1998ರ ಭೀಕರ ಚಂಡಮಾರುತದಲ್ಲಿ ಆರು ನಾವಿಕರು ಪ್ರಾಣ ಕಳೆದುಕೊಂಡರು. ಹೊರಟ 115 ದೋಣಿಗಳಲ್ಲಿ ಗುರಿ ಮುಟ್ಟಿದ್ದು 44. ಮೊದಲು ಬಂದದ್ದು ಲ್ಯಾರಿ ಎಲಿಸನ್ ಅವರ ಬೃಹತ್ ‘ಸಯೊನಾರಾ’, ಕಪ್ ಸಂದದ್ದು 35 ಅಡಿಯ ‘ಮಿಡ್‌ನೈಟ್ ರ್‍ಯಾಂಬ್ಲರ್’ಗೆ. ಮರದ ‘ಲವ್ ಅಂಡ್ ವಾರ್’ 1974, 1978ರಲ್ಲಿ ಗೆದ್ದು, 2006ರಲ್ಲಿ ಮತ್ತೆ ಹೊಸ ಕಾಲದ ದೋಣಿಗಳನ್ನು ಹಿಂದಿಕ್ಕಿತು.

ಗೆರೆ ದಾಟಿದ ಮೇಲೂ ಫಲಿತಾಂಶ ಬದಲಾಗಬಹುದು. 2017ರಲ್ಲಿ ‘ವೈಲ್ಡ್ ಓಟ್ಸ್ 11’ ಸುಮಾರು 26 ನಿಮಿಷ ಮುಂದಾಗಿ ಬಂದಿತ್ತು. ಸಿಡ್ನಿ ಬಂದರಿನಲ್ಲೇ ತನಗೆ ದಾರಿ ಬಿಡಲಿಲ್ಲವೆಂದು ‘ಕೊಮಾಂಚೆ’ ದೂರಿತು. ತೀರ್ಪುಗಾರರು ಒಂದು ಗಂಟೆಯ ದಂಡ ವಿಧಿಸಿದರು. ಗೌರವದ ಜೊತೆಗೆ 1 ದಿನ 9 ಗಂಟೆ 15 ನಿಮಿಷ 24 ಸೆಕೆಂಡುಗಳ ದಾಖಲೆಯೂ ‘ಕೊಮಾಂಚೆ’ಯದಾಯಿತು. 2023ರಲ್ಲಿ ಅದೇ ದೋಣಿಗೆ ಹೋಬಾರ್ಟ್ ಬಳಿಯ ಡರ್ವೆಂಟ್ ನದಿಯ ಮಂದಗಾಳಿ ಕೈಕೊಟ್ಟಿತು. ಮುನ್ನಡೆ ಅತ್ತಿಂದಿತ್ತ ಕೈಬದಲಾಗಿ, ‘ಲಾಕನೆಕ್ಟ್’ 51 ಸೆಕೆಂಡುಗಳಿಂದ ಮೊದಲಾಯಿತು. ಆ ವರ್ಷದ ಟ್ಯಾಟರ್ಸಾಲ್ ಕಪ್ ಎತ್ತಿದ್ದು ಮಾತ್ರ ಇವೆರಡೂ ಅಲ್ಲ, ಟಾಸ್ಮೇನಿಯದವರದೇ ಆದ 66 ಅಡಿಯ ‘ಅಲೈವ್’.